ಒಂದು ಮಧ್ಯಾಹ್ನಕ್ಕೆ ಎಂಟು ಸಹಿ

ಫೆಬ್ರವರಿ 3, 2025, ಸೋಮವಾರ

ಹದಿನಾಲ್ಕು ವರ್ಷ ಎಂಜಿನಿಯರಿಂಗ್ ಹುಡುಗರಿಗೆ ಗಣಿತ ಹೇಳಿದ್ದಕ್ಕೆ ಇವತ್ತು ಬಹುಮಾನ ಸಿಕ್ಕಿತು. ನಾನೀಗ ಕಾಲೇಜಿನ 'ಶೈಕ್ಷಣಿಕ ನೆರವು ಕೇಂದ್ರ'ದ ಮುಖ್ಯಸ್ಥೆ. ಓದಿನಲ್ಲಿ ಹಿಂದೆ ಬಿದ್ದವರು ಅಲ್ಲಿಗೆ ಬರಬೇಕಂತೆ, ನಾನು ಎತ್ತಿ ನಿಲ್ಲಿಸಬೇಕಂತೆ. ಏಪ್ರಿಲ್‌ನಲ್ಲಿ ಕಾಲೇಜಿಗೆ ದರ್ಜೆ ಕೊಡುವ ಸಮಿತಿ ಬರುತ್ತದೆ, ಅದಕ್ಕೇ ಈ ಕಾಳಜಿ. ಸಮಿತಿ ಬರದಿದ್ದರೆ ಬಿದ್ದವರು ಬಿದ್ದಲ್ಲೇ ಇರುತ್ತಿದ್ದರು.

"ಯೋಚನೆ ಮಾಡೇ ನಿಮ್ಮನ್ನ ಹಾಕಿರೋದು ಜಿನಶ್ರೀ ಮೇಡಂ. ನಿಮ್ಮ ಕೈಬರಹ ಬಹಳ ಚೆನ್ನಾಗಿದೆ," ಅಂದರು ಪ್ರಿನ್ಸಿಪಾಲ್ ಚಿದಂಬರ. ಆಹಾ, ಏನು ಅರ್ಹತೆ! ಎಂಎಸ್ಸಿಯಲ್ಲಿ ಬಂದ ರ‍್ಯಾಂಕ್ ಯಾರಿಗೂ ನೆನಪಿಲ್ಲ, ಕೈಬರಹ ನೆನಪಿದೆ.

ಈ ಸುದ್ದಿ ಹೇಳಲು ಸಂಜೆ ಐದೂವರೆಗೆ ಮೀಟಿಂಗ್ ಬೇರೆ. ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿತ್ತು. ನಾವು ಜೈನರು, ಕತ್ತಲಾದ ಮೇಲೆ ಊಟ ಮಾಡುವುದಿಲ್ಲ ಅಂತ ಈ ಜನಕ್ಕೆ ನೂರು ಸಲ ಹೇಳಿದ್ದೇನೆ. ಅರಸೀಕೆರೆ ಸ್ಟೇಷನ್ ಹತ್ತಿರದ ನನ್ನ ಬಾಡಿಗೆ ರೂಮಿಗೆ ಬಂದು, ಬೆಳಿಗ್ಗೆ ಮಾಡಿಟ್ಟ ಚಪಾತಿ ನೋಡುತ್ತಾ ಕೂತೆ. ಹಸಿವಿಗಿಂತ ಸಿಟ್ಟೇ ಜಾಸ್ತಿಯಿತ್ತು.

ಫೆಬ್ರವರಿ 11

ಕೇಂದ್ರ ಅಂದರೆ ವರ್ಕ್‌ಶಾಪ್ ಹಿಂದಿನ ಒಂದು ರೂಮು. ಮುರಿದ ಕುರ್ಚಿಗಳನ್ನು ಆಚೆ ಹಾಕಿದ್ದಾರೆ, ಪಾರಿವಾಳದ ಹಿಕ್ಕೆಯನ್ನು ಹಾಗೇ ಬಿಟ್ಟಿದ್ದಾರೆ. ಗೋಡೆಗೆ 'ನಾವು ನಿಮ್ಮೊಂದಿಗಿದ್ದೇವೆ' ಅಂತ ಫ್ಲೆಕ್ಸ್. ಎಂಟು ದಿನದಲ್ಲಿ ಬಂದವರು ಇಬ್ಬರು. ಒಬ್ಬನಿಗೆ ಮೊಬೈಲ್ ಚಾರ್ಜ್ ಮಾಡಬೇಕಿತ್ತು, ಇನ್ನೊಬ್ಬನಿಗೆ ಸ್ಟೇಪ್ಲರ್ ಬೇಕಿತ್ತು.

ಮಾರ್ಚ್ 4

ಇವತ್ತು ಸಹಿ ಹಬ್ಬ.

ನಮ್ಮಲ್ಲಿ ಒಬ್ಬೊಬ್ಬ ಅಧ್ಯಾಪಕರಿಗೆ ಇಪ್ಪತ್ತು ಮಕ್ಕಳ ಉಸ್ತುವಾರಿ. ತಿಂಗಳಿಗೊಮ್ಮೆ ಒಬ್ಬೊಬ್ಬರನ್ನೇ ಕರೆದು ಕೂರಿಸಿ, ಯಾವ ಪೇಪರ್ ಬಾಕಿ, ಏನು ಕಷ್ಟ ಅಂತ ಕೇಳಿ, ಮೆಂಟರ್ ಬುಕ್ಕಿನಲ್ಲಿ ಸಲಹೆ ಬರೆದು, ಕೆಳಗೆ ಅವರ ಸಹಿ ತೆಗೆದುಕೊಳ್ಳಬೇಕು. ಯಾರೂ ಕರೆಯುವುದಿಲ್ಲ. ವರ್ಷಕ್ಕೊಮ್ಮೆ, ತಪಾಸಣೆಗೆ ಮುಂಚೆ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಎಂಟು ತಿಂಗಳ ಸಹಿಯನ್ನು ಒಂದೇ ಮಧ್ಯಾಹ್ನ ಹಾಕಿಸಿಕೊಳ್ಳುತ್ತೇವೆ. ಆಮೇಲೆ ಪರೀಕ್ಷಾ ವಿಭಾಗದಿಂದ ಬಾಕಿ ಪೇಪರ್‌ಗಳ ಪಟ್ಟಿ ತರಿಸಿ, ಸಹಿಯ ಮೇಲಿನ ಖಾಲಿ ಜಾಗದಲ್ಲಿ ಸಲಹೆ ತುಂಬುತ್ತೇವೆ.

ಈ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಸೆಪ್ಟೆಂಬರ್ ಸಹಿಗೆ ನೀಲಿ ಪೆನ್ನು, ಅಕ್ಟೋಬರ್‌ಗೆ ಕಪ್ಪು, ಡಿಸೆಂಬರ್‌ಗೆ ಜೆಲ್ ಪೆನ್ನು. ಹೊಸ ಪುಸ್ತಕ ಹಳೆಯದಾಗಿ ಕಾಣಲಿ ಅಂತ ಅಂಚು ತಿಕ್ಕುವುದನ್ನು ಉಳಿದ ಮೇಡಂಗಳಿಗೆ ಹೇಳಿಕೊಟ್ಟಿದ್ದೂ ನಾನೇ.

ಈ ಹುಡುಗರು ಒಬ್ಬರಾದರೂ 'ಸಲಹೆ ಪಡೆದಿದ್ದೇನೆ' ಅಂತ ಪುಟದಲ್ಲಿ ಅಚ್ಚಾಗಿರುವುದನ್ನು ಓದಿ ಸಹಿ ಹಾಕಬೇಡವೇ? ಒಬ್ಬ ಕ್ರಿಕೆಟ್ ನೋಡುತ್ತಲೇ ಎಂಟೂ ಸಹಿ ಮುಗಿಸಿದ. "ಏನಕ್ಕೆ ಮೇಡಂ ಇದು?" ಅಂತ ಒಂದು ಪ್ರಾಣಿಯೂ ಕೇಳಲಿಲ್ಲ. ನಾಳೆ ಇವರೇ ಸೇತುವೆಗೂ ಸಹಿ ಹಾಕುತ್ತಾರೆ. ಥೂ, ಯಾಕಾದರೂ ಪಾಠ ಮಾಡಿದೆನೋ ಅನ್ನಿಸಿತು.

ಮಾರ್ಚ್ 19

ಕೇಂದ್ರಕ್ಕೆ ನಿಜವಾಗಿ ನೆರವು ಬೇಕಾದ ಒಬ್ಬಳು ಬಂದಳು. ಬರದಿದ್ದರೇ ಚೆನ್ನಾಗಿತ್ತು.

ಎಲೆಕ್ಟ್ರಿಕಲ್ ವಿಭಾಗದ ಕೊನೆಯ ವರ್ಷದವಳು, ಹಾರನಹಳ್ಳಿಯಿಂದ ಬಸ್ಸಿನಲ್ಲಿ ಬಂದು ಹೋಗುವವಳು, ಹೆಸರು ಪ್ರತಿಮಾ. ಹಾಸನದ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯೊಂದರಲ್ಲಿ ಟ್ರೇನಿ ಎಂಜಿನಿಯರ್ ಕೆಲಸ ಸಿಕ್ಕಿದೆ. ಆಗಸ್ಟ್ ಒಂದಕ್ಕೆ ಪದವಿ ಪತ್ರದೊಂದಿಗೆ ಹಾಜರಾಗಬೇಕು, ಇಲ್ಲದಿದ್ದರೆ ಆ ಜಾಗ ಇನ್ನೊಬ್ಬರಿಗೆ. ಇಲ್ಲಿಯವರೆಗಿನ ಎಲ್ಲ ಪೇಪರೂ ಪಾಸು, ಒಂದು ಬಿಟ್ಟು.

ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರುವವರಿಗೆ ಬ್ರಿಡ್ಜ್ ಗಣಿತ ಅಂತ ಒಂದು ಹೆಚ್ಚುವರಿ ಪೇಪರ್ ಇರುತ್ತದೆ. ಅದರ ಅಂಕ ಒಟ್ಟಿಗೆ ಸೇರುವುದಿಲ್ಲ. ಹಾಗಾಗಿ ಸೀನಿಯರ್‌ಗಳು ವರ್ಷ ವರ್ಷವೂ ಜೂನಿಯರ್‌ಗಳ ಕಿವಿಯಲ್ಲಿ ಊದುತ್ತಾರೆ: ಅದು ಸುಮ್ಮನೆ ಪೇಪರ್, ಬಿಡು. ಆದರೆ ಅದು ಪಾಸಾಗದೆ ಪದವಿ ಪತ್ರ ಬರುವುದಿಲ್ಲ. ಇವಳು ಎರಡನೇ ವರ್ಷದಲ್ಲಿ ಫೇಲಾಗಿ, ಬಿಟ್ಟೇ ಬಿಟ್ಟಿದ್ದಾಳೆ. ಆ ಪೇಪರ್ ಅರ್ಜಿಯಲ್ಲಿ ತಾನಾಗಿ ಬರುವುದಿಲ್ಲ, ಕೈಯಲ್ಲಿ ಬರೆದು ಸೇರಿಸಬೇಕು. ಬೇಸಿಗೆ ಪರೀಕ್ಷೆಗೆ ಅರ್ಜಿ ಹಾಕುವ ದಿನ ಮೊನ್ನೆ ಮುಗಿದಿದೆ. ಮುಂದಿನ ಪರೀಕ್ಷೆ ಚಳಿಗಾಲಕ್ಕೆ.

"ಗೊತ್ತಿರ್ಲಿಲ್ಲ ಮೇಡಂ. ಯಾರೂ ಹೇಳ್ಲಿಲ್ಲ."

"ನಾಲ್ಕು ವರ್ಷದ ಪದವಿ ಓದೋಳು, ನಿಯಮದ ಪುಸ್ತಕ ಓದಕ್ಕೆ ಬರಲ್ವೇನೇ?" ಅಂದೆ.

"ಅದು ಇಂಗ್ಲಿಷ್‌ನಲ್ಲಿ ನೂರಾ ನಲವತ್ತು ಪುಟ ಐತೆ ಮೇಡಂ. ನೀವು ಓದಿದೀರಾ?"

ಎದುರುತ್ತರ! ಮೈಯೆಲ್ಲ ಉರಿಯಿತು. ನಿನ್ನ ಮೆಂಟರ್ ಯಾರೋ ಅವರನ್ನ ಹೋಗಿ ಕೇಳು ಅಂತ ಗದರಿದೆ.

"ನೀವೇ ಮೇಡಂ," ಅಂದಳು.

ಮಾರ್ಚ್ 20

ಬೆಳಿಗ್ಗೆ ಹೋದವಳೇ ಬೀರು ತೆಗೆದು ಅವಳ ಪುಟ ನೋಡಿದೆ. ಎರಡು ವರ್ಷ, ಹದಿನಾರು ಭೇಟಿ. ಪ್ರತಿಯೊಂದರಲ್ಲೂ ನನ್ನ ಮುದ್ದಾದ ಕೈಬರಹ: 'ಬ್ರಿಡ್ಜ್ ಗಣಿತ ಬಾಕಿಯಿದೆ ಎಂದು ತಿಳಿಸಿ, ಪರೀಕ್ಷೆ ಕಟ್ಟುವಂತೆ ಎಚ್ಚರಿಸಲಾಯಿತು.' ಕೆಳಗೆ ಅವಳ ಸಹಿ. ಪಟ್ಟಿ ನೋಡಿ ತುಂಬಿದವಳು ನಾನೇ. ಬರೆಯುವಾಗ ಈ ಹುಡುಗಿ ಯಾರು ಅಂತ ಒಂದು ಗಳಿಗೆಯೂ ಅನ್ನಿಸಿರಲಿಲ್ಲ.

ಸಹಿ ಹಾಕಿದ್ದು ಅವಳು ತಾನೇ? ಓದದೆ ಹಾಕು ಅಂತ ನಾನು ಹೇಳಿದ್ದೆನೇ?

ಹೇಳಿದ್ದೆ. "ಬೇಗ ಬೇಗ, ಓದ್ತಾ ನಿಲ್ಲಬೇಡಿ" ಅಂತಲೇ ಹೇಳಿದ್ದೆ.

ಮಾರ್ಚ್ 24

ಪ್ರತಿಮಾ ಅರ್ಜಿ ಕೊಟ್ಟಿದ್ದಾಳೆ. ಪರೀಕ್ಷಾ ವಿಭಾಗದ ಗುಮಾಸ್ತ ಚೇತನ್‌ಕುಮಾರ್ ಪ್ರಕಾರ ಒಂದು ದಾರಿಯಿದೆ. ತಪ್ಪು ಕಾಲೇಜಿನದು ಅಂತ ಪ್ರಿನ್ಸಿಪಾಲ್ ಲಿಖಿತವಾಗಿ ಒಪ್ಪಿಕೊಂಡರೆ, ಮೇ ಹದಿನೈದರವರೆಗೆ ವಿಶ್ವವಿದ್ಯಾಲಯ ತಡವಾದ ಅರ್ಜಿಯನ್ನೂ ತಗೊಳ್ಳುತ್ತದೆ.

ಚಿದಂಬರ ನನ್ನನ್ನು ಕರೆಸಿದರು. ಮೇಜಿನ ಮೇಲೆ ಅವಳ ಅರ್ಜಿ, ಪಕ್ಕದಲ್ಲಿ ನನ್ನ ಮೆಂಟರ್ ಬುಕ್ಕು.

"ಭೇಷ್ ಮೇಡಂ. ಹದಿನಾರು ಸಲ ಎಚ್ಚರಿಕೆ, ಹದಿನಾರು ಸಹಿ. ಹುಡುಗಿ ಸುಳ್ಳು ಹೇಳ್ತಿದಾಳೆ ಅಂತ ಒಂದೇ ಸಾಲಲ್ಲಿ ಉತ್ತರ ಕೊಟ್ಟೆ. ನೀವಿಲ್ದಿದ್ರೆ ಕಾಲೇಜಿನ ಮಾನ ಹೋಗ್ತಿತ್ತು."

"ಥ್ಯಾಂಕ್ಸ್ ಸರ್" ಅಂದೆ. ಅಂದೇಬಿಟ್ಟೆ!

ಮಾರ್ಚ್ 27

ಅವಳನ್ನು ಕರೆಸಿ ಹೇಳಿದೆ: ಅರ್ಜಿ ಏನಾದರೂ ಆಗಲಿ, ಪೇಪರ್ ಯಾವತ್ತಿದ್ದರೂ ಬರೆಯಲೇಬೇಕು, ಮೂರೂವರೆಗೆ ಬಾ, ಪಾಠ ಮಾಡುತ್ತೇನೆ. ಬಾಯಿ ಮುಚ್ಚಿಕೊಂಡು ಇರಲಿ ಅಂತ ಕರೆದದ್ದು, ಬೇರೆ ಏನೂ ಇಲ್ಲ.

"ನಂಗೆ ಸುಳ್ಳಿ ಅಂತ ಲೆಟರ್ ಕೊಟ್ಟವ್ರೆ," ಅಂದಳು.

"ನಾನು ಕೊಟ್ಟಿಲ್ಲವಲ್ಲ."

"ಬುಕ್ ಕೊಟ್ಟಿದ್ದು ನೀವೇ ಅಲ್ವಾ ಮೇಡಂ?"

ಅಷ್ಟು ಹೇಳಿ ನೋಟ್‌ಬುಕ್ ತೆರೆದಳು. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸು ಅಂದೆ. ಐದರಲ್ಲಿ ಎರಡು ಅಂತ ಬರೆದಳು! ಎಂಟನೇ ಸೆಮಿಸ್ಟರಿನವಳು! ದೇವರೇ, ಇವಳನ್ನು ಇಲ್ಲಿಯವರೆಗೆ ಪಾಸು ಮಾಡಿ ಕಳಿಸಿದವರ ಕೈಗೆ ಏನು ಬಂದಿತ್ತು ಅಂತ ರೇಗಿಕೊಂಡೆ. ಆಮೇಲೆ ನೆನಪಾಯಿತು, ಐದನೇ ಸೆಮಿಸ್ಟರಿನಲ್ಲಿ ಅವಳ ಇಂಟರ್ನಲ್ ಅಂಕ ಹಾಕಿದವಳು ನಾನು. ಇಪ್ಪತ್ತಕ್ಕೆ ಹದಿನೆಂಟು.

ಏಪ್ರಿಲ್ 3

ಭಿನ್ನರಾಶಿ ಮುಗಿಯಿತು. ಡೆರಿವೇಟಿವ್ ಶುರು ಮಾಡಿದೆ. ಅರ್ಧ ಗಂಟೆ ಕೂಗಾಡಿದರೂ ಅವಳ ತಲೆಗೆ ಹೋಗಲಿಲ್ಲ. ಅವಳ ತಂದೆ ಕರಿಬಸವಯ್ಯ ಮಂಡಿಯಲ್ಲಿ ಕೊಬ್ಬರಿ ಆರಿಸುವವರಂತೆ. ಆಮೇಲೆ ಅವಳೇ ಕೇಳಿದಳು, "ಮೇಡಂ, ಕೊಬ್ರಿ ರೇಟ್ ಎಷ್ಟೈತೆ ಅನ್ನೋದು ಬೇರೆ, ಎಷ್ಟು ಜೋರಾಗಿ ಏರ್ತಾ ಐತೆ ಅನ್ನೋದು ಬೇರೆ ಅಲ್ವಾ? ಈ ಎರಡನೇದೇನಾ ಡೆರಿವೇಟಿವ್ ಅಂದ್ರೆ?"

ಹದಿನಾಲ್ಕು ವರ್ಷದಲ್ಲಿ ನಾನು ಇಷ್ಟು ಸಲೀಸಾಗಿ ಯಾರಿಗೂ ಹೇಳಿಲ್ಲ. ಹೊಟ್ಟೆಕಿಚ್ಚಾಯಿತು. ಎದ್ದಾಗ ಹೊರಗೆ ಕತ್ತಲಾಗಿತ್ತು. ಊಟ ಇಲ್ಲ, ಕಾಯಿಸಿದ ನೀರಿತ್ತು, ಅದನ್ನೂ ಬೆಳಗಾಗುವವರೆಗೆ ಮುಟ್ಟುವಂತಿಲ್ಲ.

ಏಪ್ರಿಲ್ 10, ಮಹಾವೀರ ಜಯಂತಿ

ಹಳೇಬೀಡಿಗೆ ಬಂದಿದ್ದೇನೆ. ಬೆಳಿಗ್ಗೆ ಬಸದಿಯಲ್ಲಿ ಅಭಿಷೇಕ. ಅಣ್ಣ ಅಂಗಡಿಗೆ ಬೀಗ ಹಾಕಿ ಓಡಾಡುತ್ತಿದ್ದ. ಅಮ್ಮ ಕೈಕೆಲಸ ಬಿಟ್ಟು ನನ್ನನ್ನೇ ದಿಟ್ಟಿಸಿದಳು. ನಮ್ಮಮ್ಮ ರಾಜಮತಿ ದಿಟ್ಟಿಸಿದರೆ ಊರಲ್ಲಿ ಯಾರೂ ತಪ್ಪಿಸಿಕೊಳ್ಳಲಾರರು.

"ಸಣ್ಣಗಾಗಿದೀಯಲ್ಲೇ ಜಿನೂ, ರಾತ್ರಿ ಊಟಕ್ಕೆ ಏನ್ ಮಾಡ್ಕೋತೀಯ?"

"ಹೊತ್ತಾಗೋಗತ್ತಮ್ಮ."

"ಯಾವ ಕೆಲಸಕ್ಕೆ? ಮೂರೂವರೆಗೆಲ್ಲ ಮುಗಿಯತ್ತೆ ಅಂತಿದ್ಯಲ್ಲ."

ಇದ್ದದ್ದನ್ನು ಹೇಳಿದೆ. ಬುಕ್ಕಿನ ಸಂಗತಿಯನ್ನೂ ಹೇಳಿದೆ. ಅಮ್ಮ ಮೊರದಲ್ಲಿದ್ದ ಅಕ್ಕಿ ಆರಿಸುವುದು ನಿಲ್ಲಿಸಿ, "ಬರೆದಿದ್ದು ಸುಳ್ಳು ಅಂತ ಹೇಳಿದ್ರೆ ನಿನಗೇನಾಗತ್ತೆ?" ಅಂದಳು. ಕೆಲಸ ಹೋಗುತ್ತೆ ಅಂದೆ. "ಹೇಳ್ದಿದ್ರೆ?" ಅಂದಳು. ಹಬ್ಬದ ದಿನ ಈ ಮಾತೆಲ್ಲ ಯಾಕಮ್ಮ ಅಂತ ಎದ್ದು ಬಂದೆ. ಮಧ್ಯಾಹ್ನ ಅಮ್ಮ ಮೂರು ಸಲ ಹೋಳಿಗೆ ಬಡಿಸಿದಳು.

ಏಪ್ರಿಲ್ 24

ಸಮಿತಿ ಬಂತು, ಹೋಯಿತು. ನಮ್ಮ ಕೇಂದ್ರದಲ್ಲಿ ಇದ್ದದ್ದು ಹನ್ನೊಂದು ನಿಮಿಷ. ನಿನ್ನೆ ರಾತ್ರೋರಾತ್ರಿ ಸುಣ್ಣ ಹೊಡೆಸಿದ್ದರು, ವಾಸನೆಗೆ ಒಬ್ಬರಿಗೆ ಸೀನು ನಿಲ್ಲಲಿಲ್ಲ. ಅವರಲ್ಲಿ ಹಿರಿಯರೊಬ್ಬರು ನನ್ನ ಪುಸ್ತಕ ತಿರುವಿ, "ಮಕ್ಕಳ ಮೇಲೆ ಇಷ್ಟು ನಿಗಾ ಇಟ್ಟವರನ್ನು ನೋಡಿಲ್ಲ. ಪ್ರತಿ ತಿಂಗಳೂ ಕೂರಿಸಿಕೊಂಡು ಮಾತಾಡ್ತೀರಾ?" ಅಂತ ಕೇಳಿದರು.

"ಹೌದು ಸರ್," ಅಂದೆ.

ಚಿದಂಬರ ನನ್ನ ಹಿಂದೆ ನಿಂತು ನಕ್ಕರು. ಸಂಜೆ ಎಲ್ಲರಿಗೂ ಶಾಲು ಹೊದೆಸಿದರು, ನನಗೂ. ರೂಮಿಗೆ ಬಂದು ಅದನ್ನು ಬಕೆಟ್ಟಿಗೆ ಹಾಕಿ ಸೋಪು ಸುರಿದೆ. ಬಣ್ಣ ಬಿಡುವ ಅಗ್ಗದ ಶಾಲು, ನೀರೆಲ್ಲ ಕೆಂಪಾಯಿತು. ನನ್ನ ಮೇಲೆ ನನಗೆ ಇಷ್ಟು ಹೇಸಿಗೆ ಯಾವತ್ತೂ ಆಗಿರಲಿಲ್ಲ.

ಏಪ್ರಿಲ್ 25

ಪ್ರತಿಮಾ ಬಂದಳು. ಇಂಟಿಗ್ರೇಷನ್ ಮಾಡಿದೆವು. ಸಮಿತಿಯ ವಿಷಯ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಮೇ 5

ಇನ್ನು ಹತ್ತು ದಿನ. ಹುಡುಗಿ ಐದು ಲೆಕ್ಕ ಕೊಟ್ಟರೆ ಮೂರು ಸರಿ ಮಾಡುತ್ತಾಳೆ. ಪರೀಕ್ಷೆಗೆ ಕೂರಲು ಬಿಟ್ಟರೆ ಪಾಸಾಗುತ್ತಾಳೆ, ನನಗೆ ಖಾತ್ರಿ. ಬಿಡುವುದಿಲ್ಲ, ಅದೂ ಖಾತ್ರಿ. ಪುಸ್ತಕ ಇರುವವರೆಗೆ ಅವಳು ಸುಳ್ಳಿ. ನಾನು ಮಾದರಿ ಮೆಂಟರ್. ಸಮಿತಿ ಹಾಗೆಂದೇ ಬರೆದಿದೆ.

ಇವತ್ತು ಅವಳು ಲೆಕ್ಕದ ಮಧ್ಯೆ ಪೆನ್ನು ಕೆಳಗಿಟ್ಟು, "ಮೇಡಂ, ಬರಿಯಕ್ಕೇ ಬಿಡಲ್ಲ ಅಂದ್ಮೇಲೆ ಇದೆಲ್ಲ ಯಾಕ್ ಕಲಿಸ್ತಾ ಇದೀರಾ?" ಅಂದಳು. ಮುಂದಿನ ಲೆಕ್ಕ ಕೊಟ್ಟೆ.

ಮೇ 7

ಬರೆದು ಕೊಟ್ಟೆ. ಒಂದು ಪುಟ. 'ಮೆಂಟರ್ ಪುಸ್ತಕದಲ್ಲಿರುವ ಭೇಟಿಗಳು ನಡೆದಿಲ್ಲ. ಪ್ರತಿಮಾಳಿಗೆ ನಾನು ಏನನ್ನೂ ತಿಳಿಸಿಲ್ಲ. ಸಹಿಗಳನ್ನು ವರ್ಷಕ್ಕೊಂದೇ ಮಧ್ಯಾಹ್ನ ಪಡೆಯಲಾಗಿದೆ.' ಇನ್ನೊಂದು ಪ್ರತಿಯನ್ನು ನನ್ನ ಬಳಿ ಇಟ್ಟುಕೊಂಡಿದ್ದೇನೆ, ಬೇಕಾದರೆ ನಾನೇ ವಿಶ್ವವಿದ್ಯಾಲಯಕ್ಕೆ ಕಳಿಸುತ್ತೇನೆ ಅಂತಲೂ ಹೇಳಿದೆ.

ಚಿದಂಬರ ಎರಡು ಸಲ ಓದಿದರು. ಕೂಗಾಡುತ್ತಾರೆ ಅಂದುಕೊಂಡಿದ್ದೆ, ಕೂಗಾಡಲಿಲ್ಲ. ಫ್ಯಾನ್ ಜೋರು ಮಾಡಿದರು.

"ಎಲ್ಲರ ಪುಸ್ತಕವೂ ಹೀಗೇ ಅಂತೀರಾ?"

"ನಿಮಗೆ ಗೊತ್ತಿಲ್ವಾ ಸರ್?"

"ನಂಗೆ ಗೊತ್ತಿರೋದು ಬೇಡ ಮೇಡಂ. ನಿಮ್ಮೊಬ್ಬರ ಪುಸ್ತಕ ಮಾತ್ರ ಸುಳ್ಳು, ಉಳಿದಿದ್ದೆಲ್ಲ ಸರಿ ಅಂತಾದ್ರೆ, ಆ ಹುಡುಗಿಗೆ ಲೆಟರ್ ಕೊಡಬಹುದು. ಯೋಚನೆ ಮಾಡಿ."

ಯೋಚನೆ ಮಾಡಲು ಏನಿದೆ, ಅದರ ಅಸಹ್ಯ ಬಿಟ್ಟರೆ.

ಮೇ 9

ಚೇತನ್‌ಕುಮಾರ್ ನನ್ನ ರೂಮಿಗೇ ಬಂದ. ಕೈಯಲ್ಲಿ ಮೂರು ಮೆಮೊ. ಮೆಂಟರ್ ಕೆಲಸ ಸರಿಯಾಗಿ ಮಾಡುತ್ತಿಲ್ಲ ಅಂತ ಪ್ರಿನ್ಸಿಪಾಲರು ನನಗೆ ಮೂರು ಸಲ ಎಚ್ಚರಿಕೆ ಕೊಟ್ಟಿದ್ದಾರಂತೆ. ಒಂದಕ್ಕೆ ಆಗಸ್ಟ್ ತಾರೀಕು, ಒಂದಕ್ಕೆ ನವೆಂಬರ್, ಒಂದಕ್ಕೆ ಫೆಬ್ರವರಿ. ಮೂರರ ಕೆಳಗೂ 'ತಲುಪಿದೆ' ಅಂತ ನಾನು ಸಹಿ ಹಾಕಬೇಕು. ಹಾಕಿದರೆ ಪ್ರತಿಮಾಳ ಲೆಟರ್ ಇವತ್ತೇ ಹೊರಡುತ್ತದೆ. ಈ ವರ್ಷಕ್ಕೆ ನನ್ನ ನೇಮಕ ಮುಗಿಯುತ್ತದೆ, ಮುಂದಕ್ಕೆ ಇಲ್ಲ.

"ಬೇಜಾರ್ ಮಾಡ್ಕೋಬೇಡಿ ಮೇಡಂ," ಅಂದ ಅವನು. ಜೇಬಿನಿಂದ ಮೂರು ಪೆನ್ನು ತೆಗೆದು ಮೇಜಿನ ಮೇಲೆ ಇಟ್ಟ. ನೀಲಿ, ಕಪ್ಪು, ಜೆಲ್. ಅವನ ಮುಖ ಬಾಡಿತ್ತು. ಪಾಪ, ಇಡುವಾಗ ನನ್ನನ್ನು ನೋಡಲಿಲ್ಲ.

ಸುಳ್ಳು ಬರೆದವಳಿಗೆ ಸುಳ್ಳಿನಲ್ಲೇ ಶಿಕ್ಷೆ. ಉಳಿದ ಅಧ್ಯಾಪಕರ ಪುಸ್ತಕ ಹಾಗೇ ಬೀರುವಿನಲ್ಲಿ ಪವಿತ್ರವಾಗಿ ಇರುತ್ತದೆ, ಶಾಲು ಹೊದ್ದವರು ಹೊದ್ದೇ ಇರುತ್ತಾರೆ. ನನ್ನ ಪ್ರತಿಯನ್ನು ಕಳಿಸಿದರೆ ಎಲ್ಲ ಬಯಲಾಗಬಹುದು. ವಿಚಾರಣೆ ಅಂತ ಆರು ತಿಂಗಳು ಹೋಗುತ್ತದೆ. ಹುಡುಗಿಯ ಆಗಸ್ಟ್ ಒಂದು ಯಾರಿಗೂ ಕಾಯುವುದಿಲ್ಲ.

ಮೂರನ್ನೂ ಮೊದಲಿನಿಂದ ಕೊನೆಯವರೆಗೆ ಓದಿದೆ. ಫೆಬ್ರವರಿಯದರಲ್ಲಿ ಒಂದು ವಾಕ್ಯ ತಪ್ಪಿತ್ತು, ತಿದ್ದಿಕೊಟ್ಟೆ. ಆಮೇಲೆ ಸಹಿ ಹಾಕಿದೆ.

ಮೇ 13

ವಿಶ್ವವಿದ್ಯಾಲಯ ಒಪ್ಪಿದೆ. ಜೂನ್ 24ಕ್ಕೆ ಪರೀಕ್ಷೆ. ಪ್ರತಿಮಾಳಿಗೆ ಹೇಳಿದೆ. ಕುಣಿದಾಡುತ್ತಾಳೆ ಅಂದುಕೊಂಡರೆ, "ಇನ್ನು ಎಷ್ಟು ಚಾಪ್ಟರ್ ಐತೆ?" ಅಂದಳು. ಮೆಮೊ ವಿಷಯ ನಾನು ಹೇಳಿಲ್ಲ. ಚೇತನ್‌ಕುಮಾರ್ ಹೇಳಿದ್ದಾನೆ ಅಂತ ಕಾಣುತ್ತದೆ, ಹೋಗುವಾಗ ಬಾಗಿಲಲ್ಲಿ ಒಂದು ಗಳಿಗೆ ನಿಂತಳು.

ಮೇ 29

ಇವತ್ತು ಇವಳ ಜೊತೆ ಇನ್ನೂ ನಾಲ್ಕು ಜನ. ಎಲ್ಲರೂ ಡಿಪ್ಲೊಮಾದಿಂದ ಬಂದವರು, ಎರಡನೇ ವರ್ಷದವರು. "ಈ ಪೇಪರ್ ಬಿಡಬಾರ್ದಂತೆ, ಅಕ್ಕ ಹೇಳಿದ್ರು," ಅಂತ ಒಬ್ಬ. ಅವನ ಹೆಸರು ನಿಶ್ಚಲ್, ಕಿವಿ ಸ್ವಲ್ಪ ಮಂದ, ಮುಂದಿನ ಬೆಂಚಿನಲ್ಲಿ ಕೂರಿಸಬೇಕು. ನಾನು ಇರುವುದು ಇನ್ನು ಒಂದು ತಿಂಗಳು. ಇವರನ್ನೆಲ್ಲ ಕಟ್ಟಿಕೊಂಡು ಏನು ಮಾಡಲಿ? ಕುರ್ಚಿ ಸಾಲಲಿಲ್ಲ, ವರ್ಕ್‌ಶಾಪಿನಿಂದ ಹೊತ್ತು ತಂದೆ.

ಜೂನ್ 12

ವೆಕ್ಟರ್.

ಜೂನ್ 17

ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು ಗಡಿಯಾರ ಇಟ್ಟೆ. ನೂರಕ್ಕೆ ಮೂವತ್ತೆರಡು. ನಲವತ್ತು ಬೇಕು. ಒಂದೇ ತಪ್ಪನ್ನು ಆರು ಕಡೆ ಮಾಡಿದ್ದಾಳೆ, ಪ್ಲಸ್ ಮೈನಸ್ ನೋಡದೆ. ಬಾಯಿಗೆ ಬಂದ ಹಾಗೆ ಬೈದೆ. ಅತ್ತಳು. ನಾನು ಬೈಯುವುದು ನಿಲ್ಲಿಸಲಿಲ್ಲ. ಆಮೇಲೆ ಇಬ್ಬರೂ ಅದೇ ಪತ್ರಿಕೆಯನ್ನು ಮೊದಲಿನಿಂದ ಮಾಡಿದೆವು.

ಜೂನ್ 24

ಪರೀಕ್ಷೆ ಮುಗಿಸಿ ಬಂದಳು. ಹೇಗಾಯಿತು ಅಂದೆ. "ಸೈನ್ ನೋಡ್ಕೊಂಡೆ ಮೇಡಂ" ಅಂದಳು, ಬಸ್ ಬಂತು, ಹತ್ತಿದಳು.

ಜೂನ್ 30

ಬೀಗದ ಕೈ ಕೊಟ್ಟು ಬಂದೆ. ಯಾರೂ ಬೀಳ್ಕೊಡುಗೆ ಇಟ್ಟುಕೊಳ್ಳಲಿಲ್ಲ, ಪುಣ್ಯ. ಸ್ಟಾಫ್ ರೂಮಿನಲ್ಲಿ ನಾನು ಹೋದ ಕೂಡಲೇ ಮಾತು ನಿಂತಿತು. ಅಂಚು ತಿಕ್ಕುವುದನ್ನು ನನ್ನಿಂದಲೇ ಕಲಿತವರು ನನ್ನನ್ನು ಮೈಲಿಗೆಯವಳಂತೆ ನೋಡಿದರು. ಬೇಲೂರಿನಲ್ಲಿ ಒಂದು ಪಿಯು ಕಾಲೇಜಿಗೆ ಗಣಿತದವರು ಬೇಕಂತೆ, ಅಣ್ಣ ವಿಚಾರಿಸಿದ್ದಾನೆ. ಸಂಬಳ ಅರ್ಧ.

ಜುಲೈ 19, ಶನಿವಾರ, ಹಳೇಬೀಡು

ಮಧ್ಯಾಹ್ನ ಮೂರರ ಸುಮಾರಿಗೆ ಪ್ರತಿಮಾ ಮನೆ ಹುಡುಕಿಕೊಂಡು ಬಂದಳು, ಜೊತೆಗೆ ಅವಳ ತಂದೆ ಕರಿಬಸವಯ್ಯ. ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ, ಕೊಬ್ಬರಿ ಆರಿಸಿ ಆರಿಸಿ ಒರಟಾದ ಕೈ. ಹೋದ ವಾರ ಫಲಿತಾಂಶ ಬಂದಿದೆ. ನಲವತ್ತೇಳು. ಪದವಿ ಪತ್ರವೂ ಕೈಗೆ ಬಂದಿದೆ. ಒಂದನೇ ತಾರೀಕು ಹಾಸನಕ್ಕೆ.

ಅಮ್ಮ ಒಳಗೆ ಕರೆದು ಮಜ್ಜಿಗೆ ಕೊಟ್ಟಳು. ಕರಿಬಸವಯ್ಯ ಕುರ್ಚಿಯ ತುದಿಯಲ್ಲಿ ಕೂತರು. ಪ್ರತಿಮಾ ನನ್ನನ್ನು ಪರಿಚಯ ಮಾಡಿಸಿದಳು.

"ಅಪ್ಪಯ್ಯ, ಇಂಥ ಪೇಪರ್ ಐತೆ ಅಂತ ಎರಡು ವರ್ಷ ನಂಗೆ ಹೇಳ್ದೇ ಇದ್ದೋರು ಇವ್ರೇ. ಮೂರು ತಿಂಗಳು ಕೂರಿಸ್ಕೊಂಡು ಕಲಿಸ್ದೋರೂ ಇವ್ರೇ. ನನ್ನಿಂದ ಕೆಲಸ ಹೋಯ್ತು ಇವ್ರಿಗೆ."

"ನಿನ್ನಿಂದ ಅಲ್ಲ ಕಣೇ," ಅಂದೆ.

ಕರಿಬಸವಯ್ಯ ಲೋಟ ಕೆಳಗಿಟ್ಟರು. ಮುಖದಲ್ಲಿ ಸಿಟ್ಟಿರಲಿಲ್ಲ. ದಾರಿ ಕೇಳುವವರ ಹಾಗೆ ಕೇಳಿದರು.

"ಯಾಕ್ ಹೇಳ್ಲಿಲ್ಲ ತಾಯಿ?"

ಪ್ರಿನ್ಸಿಪಾಲರಿಗೆ ಉತ್ತರ ಕೊಟ್ಟಿದ್ದೇನೆ, ಸಮಿತಿಗೆ ಕೊಟ್ಟಿದ್ದೇನೆ. ಈ ಮನುಷ್ಯನಿಗೆ ಏನು ಹೇಳುವುದು? ತಪಾಸಣೆ, ಕೆಲಸದ ಹೊರೆ, ಎಲ್ಲರೂ ಮಾಡುವುದು ಹೀಗೇ ಅಂತ ಒಂದೊಂದೇ ನಾಲಿಗೆಯ ತುದಿಗೆ ಬಂತು. ಎಲ್ಲವೂ ಹೊಲಸು ಅನ್ನಿಸಿತು.

"ಅವಳ ಕ್ಲಾಸು ನಮ್ಮ ಸ್ಟಾಫ್ ರೂಮಿಂದ ಎರಡು ಬಾಗಿಲು ಆಚೆ ಇತ್ತು ಯಜಮಾನ್ರೇ," ಅಂದೆ. "ಎದ್ದು ಹೋಗ್ಲಿಲ್ಲ."

ಅವರು ನನ್ನನ್ನೂ ಮಗಳನ್ನೂ ನೋಡಿದರು.

"ಎರಡೇ ಬಾಗ್ಲಾ?" ಅಂದರು.

ಹೂಂ ಅಂದೆ.